ದ್ಯಾಮವ್ವನ ತಾಮ್ರದ ತಗಡು

ಹೊಳೆದಂಡೆಯ ಆಶ್ರಮದಲ್ಲಿ ಅಡುಗೆ ಮಾಡುತ್ತಿದ್ದ ದ್ಯಾಮವ್ವನಿಗೆ ಲಕ್ವ ಹೊಡೆಯಿತು. ಮಾತು ಬಿದ್ದುಹೋಯಿತು. ಎಡಗೈಯನ್ನು ಒಂಚೂರು ಸರಿಸಬಲ್ಲಳು, ಅಷ್ಟೇ.

ಶಿಷ್ಯ ಇಂದುಧರ ತಾಸಿಗೊಮ್ಮೆ ಹೋಗಿ ನೋಡಿ ಬರುತ್ತಿದ್ದ. ಧ್ಯಾನಕ್ಕೆ ಕೂತರೂ ಮನಸ್ಸು ಅಲ್ಲೇ.

ಕರೆಂಟಿನ ಕೆಲಸ ಬಲ್ಲವನು. ಒಂದು ತಾಮ್ರದ ತಗಡಿಗೆ ತಂತಿ ಬೆಸೆದು ಅವಳ ಕೈ ಪಕ್ಕ ಇಟ್ಟ. ಒತ್ತಬೇಕಾಗಿಲ್ಲ, ಸುಮ್ಮನೆ ತಾಗಿದರೆ ಸಾಕು, ಇವನ ಕೋಣೆಯಲ್ಲಿ ಗಂಟೆ ಬಾರಿಸುತ್ತದೆ.

ಎಲ್ಲರೂ ಅಜ್ಜಾರು ಎನ್ನುತ್ತಿದ್ದ ಗುರುಗಳು ಅದನ್ನು ನೋಡಿ ನಕ್ಕರು. ಇನ್ನು ನಿನ್ನ ಕಾಲಿಗೆ ಕೆಲಸವಿಲ್ಲ ಬಿಡು ಎಂದರು.

ಹಾಗೇ ಆಯಿತು. ಇಂದುಧರ ನಿಶ್ಚಿಂತೆಯಿಂದ ಕಣ್ಣು ಮುಚ್ಚಿ ಕೂರತೊಡಗಿದ.

ಒಂದು ದಿನ ಬೆಳಗಿನಿಂದ ಗಂಟೆ ಬಾರಿಸಲಿಲ್ಲ. ಪಾಪ, ನಿದ್ದೆ ಹತ್ತಿರಬೇಕು ಅಂದುಕೊಂಡ.

ಮಧ್ಯಾಹ್ನ ಹೋದರೆ ಜೀವ ಹೋಗಿತ್ತು. ಕೈ ತಗಡಿನ ಮೇಲೇ ಇತ್ತು.

ಮೂರು ದಿನ ಕಳೆದು ಅವನು ಆ ತಗಡನ್ನು ಗುರುಗಳ ಮುಂದೆ ತಂದಿಟ್ಟ. ಕೈ ತಾಗಿದಾಗ ತಗಡು ಹಿಡಿದಿಡುವ ವಿದ್ಯುತ್ತು ತುಸು ಹೆಚ್ಚುತ್ತದೆ, ಆ ಹೆಚ್ಚಳಕ್ಕೇ ಗಂಟೆ ಬಾರಿಸುವುದು ಎಂದು ವಿವರಿಸಿದ. ಆ ಬೆಳಿಗ್ಗೆ ಕರೆಂಟು ಹೋಗಿತ್ತು. ತಿರುಗಿ ಬಂದಾಗ ಅವಳ ಕೈ ಆಗಲೇ ತಗಡಿನ ಮೇಲಿತ್ತು. ಎತ್ತುವ ಶಕ್ತಿ ಇರಲಿಲ್ಲ. ಕರೆಂಟು ಬಂದ ಗಳಿಗೆಯಲ್ಲಿ ಮೇಲೆ ಏನಿರುತ್ತದೋ ಅದನ್ನು ತಗಡು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಅಜ್ಜಾರು ತಗಡಿನ ಮೇಲೆ ಅಂಗೈ ಊರಿ, ಹಚ್ಚು ಎಂದರು.

ಇಂದುಧರ ಸ್ವಿಚ್ ಹಾಕಿದ. ಗಂಟೆ ಸುಮ್ಮನಿತ್ತು.

ಅವರು ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಎತ್ತಿ, ಮತ್ತೆ ಮುಟ್ಟಿದರು. ಗಂಟೆ ಬಾರಿಸಿತು.

"ಇದನ್ನ ತಿದ್ದಾಕ ಬರತೈತೇನು?"

"ಬರತೈತ್ರಿ ಅಜ್ಜಾರ. ಆದ್ರ ತಪ್ಪು ತಗಡಿಂದಲ್ರಿ. ಮೊದಲ ನಾ ಹೋಗಿ ನೋಡ್ತಿದ್ದೆ. ಇದನ್ನ ಇಟ್ಟ ಮ್ಯಾಲೆ ಹೋಗೂದ ಬಿಟ್ಟೆ. ಏನರ ಪ್ರಾಯಶ್ಚಿತ್ತ ಹೇಳ್ರಿ."

ಅಜ್ಜಾರು ಅಡುಗೆಮನೆಯ ಕಡೆ ನೋಡುತ್ತ ಕೂತಿದ್ದರು.

"ನನ್ನ ಕೇಳಬ್ಯಾಡಪಾ. ನಾ ಈ ಆಶ್ರಮಕ್ಕ ಬಂದ ದಿನಾನ ಆಕಿ ಅಲ್ಲಿ ಕುಂತು ರೊಟ್ಟಿ ಬಡಿಯಾಕತ್ತಿದ್ಲು. ಆ ಸಪ್ಪಳ ನನಗ ಕೇಳಿಸಿದ್ದು, ಅದು ನಿಂತ ಮ್ಯಾಲೆ."