ಗುರುಗಳು ಹುಟ್ಟಿದ ಕುದ್ರು

ಕಥೆ ಹೇಳುವುದನ್ನು ಕಲಿಸುತ್ತಿದ್ದ ದುಗ್ಗಪ್ಪಯ್ಯನವರಿಗೆ ಇಳಿವಯಸ್ಸಿನಲ್ಲಿ ಕಣ್ಣು ಹೋಯಿತು. ಹುಟ್ಟೂರಿಗೆ ಒಮ್ಮೆ ಹೋಗಿಬರಬೇಕೆಂಬ ಆಸೆ ಮಾತ್ರ ಹೋಗಲಿಲ್ಲ. ಹೊಳೆ ಕಡಲು ಸೇರುವಲ್ಲಿನ ಪುಟ್ಟ ನಡುಗಡ್ಡೆ ಅದು. ಆ ಕಡೆಯವರು ಕುದ್ರು ಎನ್ನುತ್ತಾರೆ. ದೋಣಿ ಹತ್ತಿ ಇಳಿಯುವ ಶಕ್ತಿ ಅವರ ಮಂಡಿಗಳಲ್ಲಿ ಉಳಿದಿರಲಿಲ್ಲ.

ಒಂದು ದಿನ ಶಿಷ್ಯ ವಾಮನನನ್ನು ಕರೆದು, ‘ನೀನು ಹೋಗಿ ನೋಡಿಕೊಂಡು ಬಾ. ಬಂದು ನನಗೆ ಹೇಳು’ ಎಂದರು.

ವಾಮನ ಬೆಳಿಗ್ಗೆ ಹೋಗಿ ಸಂಜೆಗೆ ಬಂದ. ತೆಂಗಿನ ಸಾಲು, ಬೆಳ್ಳಕ್ಕಿ ಹಿಂಡು, ನೀರಿನ ಮೇಲೆ ಹೊಳೆಯುವ ಬಿಸಿಲು, ಎಲ್ಲವನ್ನೂ ಬಣ್ಣಿಸಿದ. ತನ್ನ ಮಾತಿಗೆ ತಾನೇ ಹಿಗ್ಗಿದ.

ಗುರುಗಳು ಕೊನೆಯವರೆಗೂ ಕೇಳಿದರು.

‘ಚೆನ್ನಾಗಿ ಹೇಳಿದೆ. ಇದು ಯಾವ ಊರು?’

ವಾಮನನ ಮುಖ ಸಪ್ಪಗಾಯಿತು. ಮರುದಿನವೇ ಮತ್ತೆ ದೋಣಿ ಹತ್ತಿದ.

ಈ ಸಲ ಅಲ್ಲಿ ಜ್ವರ ಬಂದು ಮಲಗಿಬಿಟ್ಟ. ಲಚ್ಚಮ್ಮ ಎಂಬ ಮುದುಕಿ ತನ್ನ ಜಗಲಿಯಲ್ಲಿ ಜಾಗ ಕೊಟ್ಟು, ಯಾರು ಏನು ಎಂದೂ ಕೇಳದೆ, ಹನ್ನೆರಡು ದಿನ ಗಂಜಿ ಕುಡಿಸಿದಳು. ಓಡಾಡುವಂತಾದ ಮೇಲೆ ವಾಮನ ಅವಳಿಗೆ ನೀರು ಸೇದಿಕೊಟ್ಟ. ಅವಳು ಹರಿದ ಬಲೆ ಹೆಣೆಯುವಾಗ ತುದಿ ಹಿಡಿದುಕೊಂಡು ಕೂತ. ಬಂದ ಕೆಲಸ ಅವನಿಗೆ ಮರೆತೇ ಹೋಗಿತ್ತು.

ತಿಂಗಳ ಮೇಲೆ ಹಿಂತಿರುಗಿ ಗುರುಗಳ ಎದುರು ಕೂತ. ಏನು ಕಂಡೆ ಎಂದು ಅವರೇ ಕೇಳಬೇಕಾಯಿತು.

‘ಅಲ್ಲಿ ಉಬ್ಬರ ಏರಿದರೆ ಬಾವಿ ನೀರು ಉಪ್ಪಾಗುತ್ತದೆ, ಅಯ್ಯ. ಇಳಿದಾಗಲೇ ಸಿಹಿನೀರು ಸೇದಿಟ್ಟುಕೊಳ್ಳಬೇಕು. ಲಚ್ಚಮ್ಮ ಎರಡು ಕೊಡ ತುಂಬಿಡುತ್ತಾಳೆ. ಒಂದು ಅವಳಿಗೆ, ಇನ್ನೊಂದು ಹೊತ್ತು ತಪ್ಪಿ ಬಂದವರಿಗೆ. ಆ ಎರಡನೆಯ ಕೊಡ ಹಾಗೇ ಉಳಿದ ದಿನ ಅವಳಿಗೆ ಬೇಸರ. ಅಲ್ಲಿ ಯಾರೂ ಊಟ ಆಯಿತಾ ಅನ್ನುವುದಿಲ್ಲ. ಬೇಲಿಯಾಚೆಯಿಂದಲೇ, ಸಿಹಿ ಉಂಟಾ, ಎಂದು ಕೇಳುತ್ತಾರೆ.’

ದುಗ್ಗಪ್ಪಯ್ಯನವರು ದನಿ ಬಂದತ್ತ ಮುಖ ಎತ್ತಿದರು.

‘ಉಂಟು, ಒಳಗೆ ಬಾ’ ಎಂದರು. ಅಂಥ ಎಳೆಯ ದನಿಯನ್ನು ವಾಮನ ಅವರಲ್ಲಿ ಎಂದೂ ಕೇಳಿರಲಿಲ್ಲ.

ಅವನ ಕಣ್ಣು ತುಂಬಿ ಬಂತು. ನಿಮ್ಮಿಂದ ಕಲಿತೆ ಎನ್ನುತ್ತಾ ಅವರ ಪಾದ ಮುಟ್ಟಲು ಬಾಗಿದ.

ಗುರುಗಳು ಕಾಲು ಹಿಂದಕ್ಕೆಳೆದುಕೊಂಡರು. ಗೋಡೆ ಹಿಡಿದು ನಿಧಾನವಾಗಿ ಎದ್ದು ನಿಂತರು.

‘ನನಗಲ್ಲ. ಲಚ್ಚಮ್ಮನ ಮನೆ ಯಾವ ದಿಕ್ಕಿಗೆ ಬರುತ್ತದೋ ನನ್ನನ್ನು ಆ ಕಡೆ ತಿರುಗಿಸು. ಇಬ್ಬರೂ ಸೇರಿ ಕೈಮುಗಿಯೋಣ.’