ರಾಜನ ಹಾಸಿಗೆಯ ಕೆಳಗಿನ ಎಂಜಿನ್

ಡಾಂಬರು ಮುಗಿದು ಮಣ್ಣಿನ ರಸ್ತೆ ಶುರುವಾಗುವ ಕಡೆ ಒಂದು ರಾಜ್ಯವಿತ್ತು. ಒಬ್ಬ ರಾಜ, ಒಂದು ಕೆರೆ, ಒಂದು ಬಸ್ಸು, ಇಷ್ಟೇ ಆ ರಾಜ್ಯದ ಆಸ್ತಿ. ಕೆರೆ ಗದ್ದೆಗೆ ನೀರು ಕೊಡುತ್ತಿತ್ತು. ಬಸ್ಸು ಜನರನ್ನು ಸಂತೆಗೆ ಒಯ್ಯುತ್ತಿತ್ತು. ರಾಜ ಏನು ಮಾಡುತ್ತಿದ್ದ ಅಂತ ಮಾತ್ರ ಕೇಳಬೇಡಿ, ನನಗೂ ಗೊತ್ತಿಲ್ಲ. ಅವನ ಹೆಸರು ಸೊಂಪರಾಯ.

ಆ ಬಸ್ಸನ್ನು ಜನ ಪ್ರೀತಿಯಿಂದ ಹಿರಿಯಕ್ಕ ಅಂತ ಕರೆಯುತ್ತಿದ್ದರು. ಚಿಕ್ಕತಾಯಿ ಅನ್ನುವ ಹೆಂಗಸು ದಿನಾ ಅದರಲ್ಲೇ ಸೊಪ್ಪಿನ ಬುಟ್ಟಿ ಹೊತ್ತು ಸಂತೆಗೆ ಹೋಗುತ್ತಿದ್ದಳು. ಕೆರೆಯ ಕೆಳಗೆ ಅವಳದೊಂದು ಸೊಪ್ಪು ಬೆಳೆಯುವ ಮಡಿ ಇತ್ತು. ಅವಳಿಗೆ ಸೀಟು ಸಿಕ್ಕಿದ್ದೇ ಇಲ್ಲ. ಡ್ರೈವರ್ ಪಕ್ಕದಲ್ಲಿ ಎಂಜಿನ್ನಿನ ಮುಚ್ಚಳ ಇರುತ್ತಲ್ಲ, ಬಾನೆಟ್ಟು, ಅದರ ಮೇಲೆ ಗೋಣಿಚೀಲ ಮಡಚಿ ಹಾಕಿಕೊಂಡು ಕೂರುತ್ತಿದ್ದಳು. ಕೂತವರಿಗೆ ಗೊತ್ತು ಅದರ ಬಿಸಿ! ಇಪ್ಪತ್ತು ವರ್ಷ ಹಾಗೇ ಕೂತಳು.

ಆಗಾಗ ಬಸ್ಸು ಕೆಮ್ಮಿ ನಿಲ್ಲುತ್ತಿತ್ತು. ಡ್ರೈವರ್ ಮುದ್ದುಮಾದಣ್ಣ, "ಏಳವ್ವ ಒಸಿ, ಗಾಳಿ ಹಿಡ್ಕೊಂಡದೆ" ಅನ್ನುತ್ತಿದ್ದ. ಡೀಸೆಲ್ ಪೈಪಿನೊಳಗೆ ಗಾಳಿ ಹೊಕ್ಕರೆ ಎಂಜಿನ್ ನಿಂತುಬಿಡುತ್ತೆ, ಅಷ್ಟೇ. ಮಾದಣ್ಣ ಮುಚ್ಚಳ ಎತ್ತಿ, ಒಂದು ನಟ್ಟು ಸಡಿಲ ಮಾಡಿ, ಪುಟ್ಟದೊಂದು ಕೈಪಂಪನ್ನು ಟುಸ್ ಟುಸ್ ಟುಸ್ ಅಂತ ಒತ್ತುತ್ತಿದ್ದ. ಗಾಳಿ ಗುಳ್ಳೆಗುಳ್ಳೆಯಾಗಿ ಹೊರಗೆ ಬರುತ್ತಿತ್ತು. ನಟ್ಟು ಬಿಗಿ ಮಾಡಿದರೆ ಹಿರಿಯಕ್ಕ ಮತ್ತೆ ಹೊರಡುತ್ತಿದ್ದಳು. ಚಿಕ್ಕತಾಯಿ ಬುಟ್ಟಿ ಹಿಡಿದು ನಿಂತು ಎಲ್ಲಾ ನೋಡುತ್ತಿದ್ದಳು.

ಹೀಗಿರುವಾಗ ರಾಜನ ಕೈಗೆ ಪರದೇಶದ ಒಂದು ಪುಸ್ತಕ ಸಿಕ್ಕಿತು. ಅವನಿಗೆ ಓದು ಬರುತ್ತಿರಲಿಲ್ಲ, ಚಿತ್ರ ನೋಡಿದ. ಅಲ್ಲಿಯ ಸಿರಿವಂತರು ಬಸ್ಸನ್ನೇ ಮನೆ ಮಾಡಿಕೊಂಡು ಊರೂರು ತಿರುಗುತ್ತಿದ್ದರು. "ನಮಗೂ ಚಕ್ರದ ಅರಮನೆ ಬೇಕು!" ಅಂದ. ರಾಜ್ಯದಲ್ಲಿದ್ದದ್ದು ಒಂದೇ ಬಸ್ಸು. ಮಾರನೆಯ ದಿನ ಜನ ಸಂತೆಗೆ ನಡೆದುಕೊಂಡು ಹೊರಟರು.

ಸೀಟು ಕಿತ್ತರು. ರತ್ನಗಂಬಳಿ ಹಾಸಿದರು. ದೀಪದ ಗೊಂಚಲು ತೂಗುಹಾಕಿದರು. ಹಿಂದುಗಡೆ ಒಂದು ಅಡುಗೆಮನೆ, ನಡುವೆ ಸ್ನಾನಕ್ಕೆ ತಾಮ್ರದ ಹಂಡೆ. ಮಂಚ ಎಲ್ಲಿ? ಮಲಗಿಕೊಂಡೇ ರಸ್ತೆ ನೋಡಬೇಕು ಅನ್ನುವುದು ದೊರೆಯ ಆಸೆ. ಹಾಗಾಗಿ ಮಂಚವನ್ನು ಬಾನೆಟ್ಟಿನ ಮೇಲೇ ಇಟ್ಟು, ಬೀಟೆ ಹಲಗೆ ಹೊಡೆದು, ಅರವತ್ತು ಮೊಳೆ ಜಡಿದರು. ಎಂಜಿನ್ ಕೆಟ್ಟರೆ ಕೈ ಹಾಕುವುದು ಎಲ್ಲಿಂದ ಅಂತ ಒಬ್ಬನೂ ಕೇಳಲಿಲ್ಲ. ಮುದ್ದುಮಾದಣ್ಣ ಮಾತ್ರ ಕೇಳಿದ. ಅವನನ್ನು ಮನೆಗೆ ಕಳಿಸಿ, ರಾಜ ತನ್ನ ಬಾವಮೈದುನನನ್ನು ಡ್ರೈವರ್ ಮಾಡಿದ. ಬಾವಮೈದುನನಿಗೆ ಸ್ಟಿಯರಿಂಗ್ ತಿರುಗಿಸುವುದು ಬರುತ್ತಿತ್ತು, ಮೀಸೆ ತಿರುವುವುದು ಬರುತ್ತಿತ್ತು. ಮೂರನೆಯದು ಬರುತ್ತಿರಲಿಲ್ಲ.

ಈ ಕೆಲಸಕ್ಕೆಲ್ಲ ಮೇಸ್ತ್ರಿ ಒಬ್ಬ ಇದ್ದ, ಗವಿರಂಗ ಅಂತ. ದೀಪದ ಗೊಂಚಲು ಉರಿಸುವ ಜನರೇಟರಿಗೆ ಅವನು ಬಸ್ಸಿನ ಡೀಸೆಲ್ ಪೈಪಿನಿಂದಲೇ ಒಂದು ಕವಲು ಪೈಪು ಎಳೆದ. ಆ ಜಾಯಿಂಟನ್ನು ಬಿಗಿ ಮಾಡಲಿಲ್ಲ. ಮರೆತ ಅಂದುಕೊಂಡಿರೇನು? ಅವನು ಊಟ ಮರೆತಾನು, ಇಂಥದ್ದನ್ನು ಮರೆಯುವ ಜಾತಿಯಲ್ಲ. ಗಾಳಿ ಹೊಕ್ಕಲಿ, ಬಸ್ಸು ನಿಲ್ಲಲಿ, ದೊರೆ ತನ್ನನ್ನು ಕರೆಯಲಿ ಅಂತಲೇ ಬಿಟ್ಟಿದ್ದ.

ಚಿಕ್ಕತಾಯಿಯ ಪಾಡು ಕೇಳಿ. ನಡೆದು ಸಂತೆ ಮುಟ್ಟುವಷ್ಟರಲ್ಲಿ ಸೊಪ್ಪು ಬಾಡಿ ಬುಟ್ಟಿಯ ತಳ ಸೇರಿರುತ್ತಿತ್ತು. ಮಡಿಯನ್ನು ತಂಗಿಗೆ ಒಪ್ಪಿಸಿ, ಅದೇ ಬಸ್ಸಿನಲ್ಲಿ ಅಡುಗೆಯವಳಾಗಿ ಸೇರಿದಳು.

ಮೊದಲನೆಯ ಸಲ ಬಸ್ಸು ಕೆರೆ ಏರಿಯ ಮೇಲೆ ನಿಂತಿತು. ಗವಿರಂಗ ಬಂದ. ಮಂಚ ಬಿಚ್ಚಿಸಿದ. ಸುತ್ತ ಪರದೆ ಕಟ್ಟಿಸಿದ. "ಯಾರೂ ನೋಡ್ಬಾರ್ದು ಬುದ್ಧಿ, ಎಂಜಿನ್ಗೆ ದೃಷ್ಟಿ ಆಗ್ತದೆ" ಅಂದ. ಒಳಗಿಂದ ಟುಸ್ ಟುಸ್ ಟುಸ್ ಅಂತ ಸದ್ದು ಬಂತು. ಅರ್ಧ ಗಂಟೆಯಾದ ಮೇಲೆ ಮುಖಕ್ಕೆಲ್ಲ ಮಸಿ ಬಳಿದುಕೊಂಡು ಈಚೆ ಬಂದ. ಕೈಯಲ್ಲಿ ಒಂದು ಮುರುಕು ಪಿಸ್ಟನ್, ಎಂಜಿನ್ನಿನ ಹೊಟ್ಟೆಯೊಳಗೆ ಮೇಲೆ ಕೆಳಗೆ ಆಡುವ ಲೋಹದ ಲೋಟ. "ಪಿಸ್ಟನ್ ಸತ್ತೋಗಿತ್ತು ಬುದ್ಧಿ. ಹೊಸದು ಹಾಕಿವ್ನಿ."

ಪಿಸ್ಟನ್ ಬದಲಾಯಿಸಬೇಕಾದರೆ ಎಂಜಿನ್ನನ್ನೇ ಬಿಚ್ಚಿ ಹರಡಬೇಕು, ಎರಡು ದಿನದ ಕೆಲಸ. ರಾಜನಿಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು? ಮಂಚ ಬಿಚ್ಚಿದ್ದಕ್ಕೆ ಒಂದು ಚೀಲ ಹೊನ್ನು ಕೊಟ್ಟ. ಪಿಸ್ಟನ್ನಿಗೆ ಒಂದು ಚೀಲ ಕೊಟ್ಟ. ಮಂಚ ಮತ್ತೆ ಜಡಿದಿದ್ದಕ್ಕೆ ಇನ್ನೊಂದು ಚೀಲ ಕೊಟ್ಟ. ಕೊಟ್ಟು ಸಂಕಟಪಟ್ಟನೇ? ಇಲ್ಲಪ್ಪ, ಎದೆ ಉಬ್ಬಿಸಿದ! "ನೋಡಿದಿರಾ? ಪಕ್ಕದ ರಾಜ್ಯದ ಬೈರಭೂಪನ ಕುದುರೆ ಹುಲ್ಲು ತಿನ್ನುತ್ತೆ. ನಮ್ಮ ಎಂಜಿನ್ ಹೊನ್ನು ತಿನ್ನುತ್ತೆ!"

ಗವಿರಂಗ ಚೀಲ ಎತ್ತಿಕೊಳ್ಳುವಾಗ ಪಿಸ್ಟನ್ನನ್ನು ಚಿಕ್ಕತಾಯಿಯ ಕೈಗೆ ಕೊಟ್ಟು, "ಇದ್ನ ಒಸಿ ಹಿಡ್ಕೊ" ಅಂದ. ಅವಳು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು, ಬೆರಳಲ್ಲಿ ಸುಣ್ಣವಿತ್ತು. ಆ ಟುಸ್ ಟುಸ್ ಸದ್ದನ್ನು ಇಪ್ಪತ್ತು ವರ್ಷ ಕೇಳಿದ ಕಿವಿ ಅವಳದು. ಪಿಸ್ಟನ್ನಿನ ಒಳಮೈಗೆ ಸುಣ್ಣದ ಬೆರಳನ್ನು ಒತ್ತಿ ಅವನ ಕೈಗೆ ವಾಪಸು ಕೊಟ್ಟಳು.

ಎರಡನೆಯ ಸಲ ಬಸ್ಸು ಗಡಿಯ ದಿಬ್ಬದ ಮೇಲೆ ನಿಂತಿತು. ಮತ್ತೆ ಪರದೆ, ಮತ್ತೆ ಟುಸ್ ಟುಸ್, ಮತ್ತೆ ಮಸಿ ಮುಖ, ಮತ್ತೆ ಮುರುಕು ಪಿಸ್ಟನ್. ಅದರೊಳಗೆ ಅವಳ ಬೆರಳಿನ ಬಿಳಿ ಗುರುತು! ಅವಳು ರಾಜನ ಮುಂದೆ ಕೈ ಮುಗಿದು ನಿಂತಳು.

"ಬುದ್ಧಿ, ಇದು ಹೋದ್ ಸಲ ತೋರ್ಸಿದ್ದೇ ಪಿಸ್ಟನ್ನು. ನಾನು ಸುಣ್ಣದ ಗುರ್ತು ಹಾಕಿದ್ದೆ."

"ಅಡುಗೆಯವಳಿಗೆ ಎಂಜಿನ್ ವಿಷಯ ಏತಕ್ಕೆ? ನಿನ್ನ ಪ್ರಕಾರ ನಾವು ಮೋಸ ಹೋದವರೋ? ಹೋಗು, ಸಾರಿಗೆ ಉಪ್ಪು ಹಾಕು!" ಅಂತ ರಾಜ ಗದರಿದ.

ಮೋಸ ಹೋದದ್ದಕ್ಕಿಂತ, ಮೋಸ ಹೋದೆ ಅಂತ ಒಪ್ಪುವುದೇ ಅವನಿಗೆ ಕಷ್ಟ. ಮತ್ತೆ ಮೂರು ಚೀಲ ಎಣಿಸಿದ.

ಮೂರನೆಯ ಸಲ ಬಸ್ಸು ಅರಮನೆಯ ಅಂಗಳದಲ್ಲೇ ನಿಂತಿತು. ಅದೇ ಪಿಸ್ಟನ್ ಮೂರನೆಯ ಸಲ ಸತ್ತಿತು. ಈ ಸಲ ಗವಿರಂಗ ಹೊನ್ನು ಕೇಳಲಿಲ್ಲ. "ಹೊಸ ಪಿಸ್ಟನ್ ಹಾಕಿವ್ನಿ ಬುದ್ಧಿ. ಆದ್ರೆ ಕೂಲಿ ಕೈಗೆ ಬಂದ್ಮೇಲೇ ಸ್ಟಾರ್ಟ್ ಮಾಡೋದು. ಈ ಸಲ ಕೆರೆ ಬರ್ಕೊಡಿ. ನೀರು ಬೇಕಾದೋರು ನನ್ನ ಕೇಳಿ ಬಿಟ್ಕೊಳ್ಳಿ."

"ಬರೀ ಕೆರೆಯೇ? ನಮ್ಮ ಎಂಜಿನ್ನಿಗೆ ಇದು ಕಮ್ಮಿಯಾಯಿತು" ಅಂದ ರಾಜ! "ಸೋಮವಾರ ಸಭೆಯಲ್ಲಿ ಮುದ್ರೆ ಒತ್ತಿದ ಪತ್ರ ಕೊಡುತ್ತೇವೆ."

ಚಿಕ್ಕತಾಯಿ ಲೆಕ್ಕ ಹಾಕಿದಳು. ಕೆರೆ ಹೋದರೆ ಮಡಿ ಹೋಯಿತು, ತಂಗಿಯ ಅನ್ನ ಹೋಯಿತು, ಊರಿಗೆ ಊರೇ ಗವಿರಂಗನ ಮುಂದೆ ಕೊಡ ಹಿಡಿದು ನಿಲ್ಲಬೇಕು. ನಿಜ ಹೇಳಿ ನೋಡಿಯಾಗಿತ್ತು, ದೊರೆಯ ಕಿವಿಗೆ ನಿಜ ಹೋಗುವುದಿಲ್ಲ. ಹೊಗಳಿಕೆ ಹೋಗುತ್ತೆ. ಮಧ್ಯಾಹ್ನ ಊಟ ಬಡಿಸುತ್ತಾ ಮೆಲ್ಲಗೆ ಶುರುಮಾಡಿದಳು.

"ಬುದ್ಧಿ, ಅಷ್ಟು ಬೆಲೆಬಾಳೋ ಪಿಸ್ಟನ್ಗಳು ಮೇಸ್ತ್ರಿ ಷೆಡ್ಡಲ್ಲಿ ತುಕ್ಕು ಹಿಡೀತಾ ಬಿದ್ದವಲ್ಲ! ಮಖಮಲ್ಲಿನ ಮೇಲಿಟ್ಟು ಬೈರಭೂಪರಿಗೆ ತೋರ್ಸಿದ್ರೆ, ಅವರ ಕುದುರೆ ಲಾಯ ಅಲ್ಲೇ ನಾಚ್ಕೋಬೇಕು."

ರಾಜನ ಬಾಯಲ್ಲಿ ತುತ್ತು ನಿಂತಿತು. "ಶಹಭಾಷ್! ಮೂರೂ ಪಿಸ್ಟನ್ ಸೋಮವಾರ ಸಭೆಗೆ ಬರಲಿ! ಬೈರಭೂಪನಿಗೂ ಓಲೆ ಹೋಗಲಿ!"

ಗವಿರಂಗನ ಹತ್ತಿರ ಇದ್ದದ್ದು ಒಂದೇ. ಇಲ್ಲ ಅಂದರೆ ಕೆರೆ ಕೈಬಿಡುತ್ತೆ. ಗುಜರಿ ಅಂಗಡಿಗೆ ಓಡಿದ. ಅಲ್ಲಿ ಟ್ರ್ಯಾಕ್ಟರಿನದೊಂದು ಸಿಕ್ಕಿತು, ಮೊಪೆಡ್ಡಿನದೊಂದು ಸಿಕ್ಕಿತು. ದೊರೆಯ ತಲೆಗೆ ಇಷ್ಟು ಸಾಕು ಅಂದುಕೊಂಡ. ದೊರೆಯ ಮಟ್ಟಿಗೆ ಅವನ ಲೆಕ್ಕ ಸರಿಯಾಗಿಯೇ ಇತ್ತು ಬಿಡಿ.

ಸೋಮವಾರ ಅಂಗಳದಲ್ಲಿ ಸಭೆ. ಬಸ್ಸಿನ ಮುಂದೆ ಕೆಂಪು ಮಖಮಲ್ಲು, ಅದರ ಮೇಲೆ ಮೂರು ಪಿಸ್ಟನ್. ಒಂದು ಸೇರಿನಷ್ಟು, ಒಂದು ಕೊಡದ ಬಾಯಿಯಷ್ಟು, ಒಂದು ಕಾಫಿ ಲೋಟದಷ್ಟು. ರಾಜ ಒಂದೊಂದನ್ನೂ ಎತ್ತಿ ಹಿಡಿದು ಅದರ ಬೆಲೆ ಕೂಗಿ ಹೇಳಿದ. ಬೈರಭೂಪ ಕುದುರೆಯಿಂದ ಇಳಿದು ಬಗ್ಗಿ ನೋಡಿದ. "ಮೂರೂ ಒಂದೇ ಎಂಜಿನ್ನಿನವಾ?" ಅಂದ.

ಚಿಕ್ಕತಾಯಿ ಅಡುಗೆಮನೆಯಿಂದ ಇಡ್ಲಿ ತಟ್ಟೆ ತಂದು ಪಿಸ್ಟನ್‌ಗಳ ಪಕ್ಕದಲ್ಲಿಟ್ಟಳು.

"ಮಾದಣ್ಣ ಒಂದ್ ಸಲ ಎಂಜಿನ್ ಪೂರ್ತಿ ಬಿಚ್ಚಿದ್ದಾಗ ನೋಡಿವ್ನಿ ಬುದ್ಧಿ. ಈ ತಟ್ಟೆ ಗುಳಿಗಳ ತರ ಎಲ್ಲಾ ಒಂದೇ ಅಳತೆ. ಒಂದೇ ತಟ್ಟೇಲಿ ಒಂದು ಇಡ್ಲಿ ಗಡಿಗೆಯಷ್ಟು, ಒಂದು ಗೋಲಿಯಷ್ಟು ಬೆಂದಾವಾ? ಕೇಳಿ ಮೇಸ್ತ್ರೀನ."

"ಅದು... ಬಿಸಿಗೆ ಒಂದು ಹಿಗ್ಕೊಂಡದೆ ಬುದ್ಧಿ, ತಣ್ಣಗಾಗಿ ಒಂದು ಕುಗ್ಕೊಂಡದೆ" ಅಂದ ಗವಿರಂಗ.

ಬೈರಭೂಪ ನಕ್ಕ. ಅವನ ಸವಾರರು ನಕ್ಕರು. ಕೊನೆಗೆ ಬಾವಮೈದುನನೂ ನಕ್ಕ. ಸೊಂಪರಾಯನ ಮುಖ ಮಖಮಲ್ಲಿಗಿಂತ ಕೆಂಪಾಯಿತು.

ಗವಿರಂಗನಿಗೆ ರೇಗಿತು. "ಇಷ್ಟು ತಿಳಿದೋಳು, ನೀನೇ ಸ್ಟಾರ್ಟ್ ಮಾಡ್ಸು ನೋಡೋವ!"

ಅದಕ್ಕೇ ಕಾಯುತ್ತಿದ್ದಳು ಅವಳು. ಮಂಚ ಬಿಚ್ಚಿಯೇ ಇತ್ತು. ಪರದೆಯನ್ನು ಕಿತ್ತೆಸೆದಳು. ಎಲ್ಲರ ಕಣ್ಣೆದುರಿಗೆ ನಟ್ಟು ಸಡಿಲ ಮಾಡಿದಳು. ಟುಸ್ ಟುಸ್ ಟುಸ್. ನೊರೆ ಬಂತು, ಗುಳ್ಳೆ ಬಂತು, ಆಮೇಲೆ ಬರೀ ಡೀಸೆಲ್ ಬಂತು. ನಟ್ಟು ಬಿಗಿ ಮಾಡಿದಳು. ಡೀಸೆಲ್ ಜಿನುಗುತ್ತಿದ್ದ ಜನರೇಟರಿನ ಸಡಿಲ ಜಾಯಿಂಟನ್ನೂ ಬಿಗಿ ಮಾಡಿ, ಗಾಳಿ ಹೊಗದ ಹಾಗೆ ಅದರ ಸುತ್ತ ಬಟ್ಟೆ ಸೋಪಿನ ತುಂಡೊಂದನ್ನು ಮೆತ್ತಿದಳು. "ತಿರುಗ್ಸಪ್ಪ ಕೀ" ಅಂದಳು ಬಾವಮೈದುನನಿಗೆ. ಹಿರಿಯಕ್ಕ ಗುಡುಗುತ್ತಾ ಎದ್ದಳು. ಕರೀ ಹೊಗೆ ಮಖಮಲ್ಲಿಗೂ ಬಡಿಯಿತು, ಸೊಂಪರಾಯನ ಬಿಳಿ ಅಂಗಿಗೂ ಬಡಿಯಿತು.

"ಹಾಗಾದರೆ... ನಮ್ಮ ಎಂಜಿನ್ ರಿಪೇರಿಯ ಬೆಲೆ?" ಅಂದ ರಾಜ, ಸಣ್ಣ ದನಿಯಲ್ಲಿ.

"ಒಂದು ಸೋಪಿನ ಚೂರು ಬುದ್ಧಿ. ಅದೂ ನಂದು."

ಕೆರೆಯ ಪತ್ರವನ್ನು ರಾಜ ಬೈರಭೂಪನ ಎದುರಿಗೇ ಹರಿಯಬೇಕಾಯಿತು. ಗವಿರಂಗ ಹೊನ್ನಿನ ಚೀಲಗಳನ್ನು ವಾಪಸು ಸುರಿದ, ಅದರಲ್ಲಿ ಮತ್ತೆ ಸೀಟು ಹಾಕಿಸಿ ಬಸ್ಸನ್ನು ಜನರಿಗೆ ಬಿಟ್ಟುಕೊಟ್ಟರು. ಅವನನ್ನು ಅದೇ ಬಸ್ಸಿಗೆ ಕ್ಲೀನರ್ ಮಾಡಿದರು. ಮುಚ್ಚಳ ಎತ್ತಿದಾಗಲೆಲ್ಲ, ಏನು ಮಾಡುತ್ತಿದ್ದೇನೆ ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಬೇಕು, ಅದೇ ಅವನಿಗೆ ಶಿಕ್ಷೆ. ಮುದ್ದುಮಾದಣ್ಣ ಮತ್ತೆ ಸ್ಟಿಯರಿಂಗ್ ಹಿಡಿದ. ಚಿಕ್ಕತಾಯಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು, ಮೊದಲನೆಯ ಸಲ.

ರಾಜನಿಗೂ ಆಗಾಗ ಸಂತೆ ಕಡೆ ಹೋಗುವ ಕೆಲಸ ಬೀಳುತ್ತಿತ್ತು. ಅವನು ಹತ್ತುವಷ್ಟರಲ್ಲಿ ಸೀಟೆಲ್ಲ ತುಂಬಿರುತ್ತಿತ್ತು. ಗೋಣಿಚೀಲ ಮಡಚಿ ಹಾಕಿಕೊಂಡು ಬಾನೆಟ್ಟಿನ ಮೇಲೆ ಕೂರುತ್ತಿದ್ದ. ಬಸ್ಸು ಕೆಮ್ಮಿದರೆ ಮಾದಣ್ಣ ಅವನ ಕಡೆ ತಿರುಗಿ, "ಏಳಿ ಬುದ್ಧಿ ಒಸಿ, ಗಾಳಿ ಹಿಡ್ಕೊಂಡದೆ" ಅನ್ನುತ್ತಿದ್ದ. ರಾಜ ಕಿರೀಟ ಹಿಡಿದುಕೊಂಡು ಎದ್ದು ನಿಲ್ಲುತ್ತಿದ್ದ.

ಕೇಳಿದಿರಲ್ಲ ಮಕ್ಕಳೇ? ಖರ್ಚು ಮಾಡಿದ್ದನ್ನೇ ದೊಡ್ಡಸ್ತಿಕೆ ಅಂದುಕೊಂಡವನನ್ನು ಯಾರು ಬೇಕಾದರೂ ಸುಲಿಯಬಹುದು. ನೀವು ಕೂತ ಜಾಗದ ಕೆಳಗೆ ಏನಿದೆ ಅಂತ ಮುಚ್ಚಳ ಎತ್ತಿ ನೋಡಿ. ನೋಡಲು ಬಾರದಿದ್ದರೆ, ದಿನಾ ಅದರ ಬಿಸಿ ತಿಂದವರನ್ನು ಕೇಳಿ.