ಹೊಳೆಯಮ್ಮನ ಕೂಲಿ

ಗಾಳಿಗೆ ಬುಡಮೇಲಾದ ಮತ್ತಿಮರವೊಂದು ಹೊಳೆಗೆ ಅಡ್ಡ ಬಿತ್ತು. ಮರದಾಚೆ ನೀರು ನಿಂತು ನೀರುನಾಯಿಯ ಬಿಲಕ್ಕೆ ಏರತೊಡಗಿತು. ಈಚೆ ಆಮೆಯ ಮಡು ಒಣಗತೊಡಗಿತು. ಆನೆ ಬಂದು ನೋಡಿ, "ಒಂದು ರಾಶಿ ಬೇಲದ ಹಣ್ಣು ಕೊಡಿ, ಎಳೆದು ಹಾಕುತ್ತೇನೆ" ಎಂದಿತು.

"ನೀರು ಬೇಕಾದದ್ದು ನಿನಗೆ, ನೀನೇ ಕೊಡು" ಎಂದಿತು ನೀರುನಾಯಿ.

"ಮುಳುಗುತ್ತಿರುವುದು ನಿನ್ನ ಮನೆ, ನೀನೇ ಕೊಡು" ಎಂದಿತು ಆಮೆ.

ಜಗಳವಾಡುತ್ತಲೇ ಎರಡೂ ಒಂದಿಷ್ಟು ಹಣ್ಣು ಉರುಳಿಸಿ ತಂದು, ಯಾರದು ಹೆಚ್ಚಾಯಿತೆಂದು ನೋಡಲು ಆ ಮರದ ಮೇಲೆಯೇ ಸಾಲಾಗಿ ಇಟ್ಟವು. "ಇದು ಸಾಲದು" ಎಂದು ಆನೆ ಸುಮ್ಮನೆ ನಿಂತಿತು.

ಅಷ್ಟರಲ್ಲಿ ಬೆಟ್ಟದ ಕಡೆಯಿಂದ ಗುಡುಗಿನಂಥ ಸದ್ದು ಕೇಳಿಸಿತು. ನೀರುನಾಯಿ ಮರಿಗಳನ್ನು ಕಚ್ಚಿಕೊಂಡು ದಡ ಹತ್ತಿತು. ಆಮೆಯನ್ನು ಆನೆ, ಏನನ್ನೂ ಕೇಳದೆ, ಸೊಂಡಿಲಲ್ಲಿ ಎತ್ತಿಕೊಂಡಿತು. ಕೆಂಪು ಹೊಸನೀರು ಬಂದು ಅಷ್ಟು ದೊಡ್ಡ ಮರವನ್ನು ಹುಲ್ಲುಕಡ್ಡಿಯಂತೆ ತಿರುಗಿಸಿ ಒಯ್ದಿತು.

ನೀರುನಾಯಿ ಮೆಲ್ಲಗೆ ಕೇಳಿತು: "ಹೊಳೆಯಮ್ಮನಿಗೆ ಕೂಲಿ ಯಾರು ಕೊಡಬೇಕು?"

ಆಮೆ ಕೆಳಗೆ ನೋಡಿತು. ಹಣ್ಣಿರಲಿಲ್ಲ, ಬಿಲವಿರಲಿಲ್ಲ, ಮಡುವೂ ಇರಲಿಲ್ಲ.

"ತಾನೇ ತೆಗೆದುಕೊಂಡಿದ್ದಾಳೆ" ಎಂದಿತು.

ಯಾರೂ ಚೌಕಾಸಿ ಮಾಡಲಿಲ್ಲ.